ಅದಿರಿನ ಉಂಡೆ ಮತ್ತು ಜೇಡಿಯ ಹಾಳೆಗಳು

ಮಾನ್ಯರೇ,

ಪಣಂಬೂರಿನ ಪೆಲೆಟ್‌ಗಳ, ಅಂದರೆ ಕಬ್ಬಿಣದ ಅದಿರಿನ ಪುಡಿಯಿಂದ ಮಾಡಿದ ಉಂಡೆಗಳ, ಮಾತು ಬಂದಾಗಲೆಲ್ಲ ಅದಿರಿನದ್ದೇ ಚರ್ಚೆ. ಪುಡಿಯನ್ನು ಉಂಡೆಗಟ್ಟಿಸುವ ಬೆಂಟೊನೈಟ್ ಜೇಡಿಯನ್ನು ಯಾರೂ ಕೇಳುವುದಿಲ್ಲ. ಅದನ್ನು ಬೆರೆಸುವುದು ಸಾಮಾನ್ಯವಾಗಿ ಶೇ 0.5ರಿಂದ 1ರಷ್ಟು ಮಾತ್ರ.

ಇದರ ಮುಖ್ಯ ಖನಿಜ ಮಾಂಟ್ಮೊರಿಲೊನೈಟ್. ಅದರ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್. ಹಾಳೆಗಳ ನಡುವೆ ಸೋಡಿಯಂ ಅಯಾನುಗಳಿದ್ದರೆ ನೀರು ಒಳನುಗ್ಗಿ, ಅವು ಬಿಡಿಬಿಡಿಯಾಗಿ ಅದಿರಿನ ಕಣಗಳ ಮೇಲೆ ಹರಡುತ್ತವೆ. ಕ್ಯಾಲ್ಸಿಯಂ ಇದ್ದರೆ ಕಟ್ಟುಕಟ್ಟಾಗಿಯೇ ಉಳಿಯುತ್ತವೆ. ಕ್ಯಾಲ್ಸಿಯಂ ಇರುವ ಗಡಸು ನೀರು ಒಳ್ಳೆಯ ಜೇಡಿಯನ್ನೂ ಕೆಡಿಸುವುದು ಇದೇ ಕಾರಣಕ್ಕೆ.

ಜೇಡಿ ಎಷ್ಟು ಉಬ್ಬುತ್ತದೆ ಎಂಬ ಪರೀಕ್ಷೆ ಕಾಲೇಜು ಪ್ರಯೋಗಾಲಯದಲ್ಲೂ ಆಗುವಂಥದ್ದು: 100 ಮಿ.ಲೀ. ಭಟ್ಟಿ ಇಳಿಸಿದ ನೀರಿಗೆ 2 ಗ್ರಾಂ ಒಣ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಕಲಕದೆ ಒಂದು ದಿನ ಬಿಡಬೇಕು. ಉತ್ತಮ ಸೋಡಿಯಂ ಬೆಂಟೊನೈಟ್ ಉಬ್ಬಿ 24 ಮಿ.ಲೀ. ಮುಟ್ಟುತ್ತದೆ.

ಉಂಡೆ ಒಡೆದರೆ ಇನ್ನಷ್ಟು ಜೇಡಿ ಸುರಿಯುವುದು ಸೋಮಾರಿ ಪರಿಹಾರ. ಜೇಡಿಯ ಸುಮಾರು ಅರ್ಧ ಭಾಗ ಸಿಲಿಕಾ. ಅದು ಊದುಕುಲುಮೆಯಲ್ಲಿ ಕಿಟ್ಟವಾಗಿ ಸುಣ್ಣ, ಇಂಧನ ಎರಡನ್ನೂ ತಿನ್ನುತ್ತದೆ. ಮೊದಲು ಜೇಡಿಯ ತೇವ ನೋಡಿ. ಮಳೆಗಾಲದ ಆಟಿ ತಿಂಗಳಲ್ಲಿ ಗಾಳಿಯ ಪಸೆಗೇ ಚೀಲದ ಜೇಡಿ ಗಂಟುಕಟ್ಟುತ್ತದೆ. ಗಂಟು ಹರಡುವುದಿಲ್ಲ, ಒಂದು ಉಂಡೆಗೆ ಅತಿಯಾಗಿ ಸಿಕ್ಕರೆ ಪಕ್ಕದ್ದಕ್ಕೆ ಏನೂ ಸಿಗದು.

– ಇಬ್ಬರು ಓದುಗರು, ಸುರತ್ಕಲ್, ಮಂಗಳೂರು