ಲಿವರ್‌ ತೊಳೆಯುವ ರಸ ಯಾವುದೂ ಇಲ್ಲ

ಮಾನ್ಯ ಸಂಪಾದಕರೇ,

‘ಏಳೇ ದಿನದಲ್ಲಿ ಫ್ಯಾಟಿ ಲಿವರ್ ಮಾಯ’ ಎಂಬಂಥ ವಿಡಿಯೊಗಳನ್ನು ನಂಬಿ ಬೆಳಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ, ಅಮೃತಬಳ್ಳಿ ಕಷಾಯ ಕುಡಿಯುವವರು ನಮ್ಮ ಚಿಕ್ಕಮಗಳೂರು, ಹಾಸನದ ಕಡೆ ಬಹಳ ಮಂದಿ. ಲಿವರ್ ಪಾತ್ರೆಯಲ್ಲ, ಅದನ್ನು ಯಾವ ರಸವೂ ತೊಳೆಯುವುದಿಲ್ಲ. ಮದ್ಯ ಮುಟ್ಟದವರ ಲಿವರ್‌ನಲ್ಲೂ ಕೊಬ್ಬು ತುಂಬುವುದು ಹೆಚ್ಚಾಗಿ ಬೊಜ್ಜು, ಸಕ್ಕರೆ ಕಾಯಿಲೆ, ಸಿಹಿ ಪಾನೀಯಗಳಿಂದ. ಸಕ್ಕರೆಯ ಅರ್ಧ ಪಾಲು ಫ್ರಕ್ಟೋಸ್ ಎಂಬ ಸಿಹಿ ಅಂಶ. ಅದನ್ನು ಸಂಭಾಳಿಸುವ ಕೆಲಸ ಬಹುಪಾಲು ಲಿವರ್‌ದು, ಮಿಕ್ಕಿದ್ದು ಅಲ್ಲೇ ಕೊಬ್ಬಾಗಿ ಕೂರುತ್ತದೆ. ಬೆಲ್ಲ, ಜೋನಿಬೆಲ್ಲ, ಜೇನುತುಪ್ಪಕ್ಕೂ ಇದೇ ಲೆಕ್ಕ.

ಮನೆಯ ಪಾನೀಯಗಳಲ್ಲಿ ಲಿವರ್ ವಿಷಯದಲ್ಲಿ ಹೆಚ್ಚು ಅಧ್ಯಯನವಾಗಿರುವುದು ನಮ್ಮ ಕಾಫಿಯೇ. ದಿನಕ್ಕೆ 2–3 ಲೋಟ ಕುಡಿಯುವವರಲ್ಲಿ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ) ಕಡಿಮೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಆದರೆ ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟವಾದರೆ 40 ಗ್ರಾಂ ಸಕ್ಕರೆ! ಊಟ, ತಿಂಡಿಗಳಿಗೆ ಬೆರೆಸುವುದೂ ಸೇರಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ. ಚಿಕೋರಿ ನೂರಕ್ಕೆ 30–40 ಪಾಲು ಬೆರೆತ ಪುಡಿಯಲ್ಲಿ ಕಾಫಿಯೇ ಅಷ್ಟು ಕಡಿಮೆ. ತೋಟದ ಪಕ್ಕದಲ್ಲೇ ಇದ್ದು ಅದನ್ನೇ ಕೊಳ್ಳುವುದು ಬೇಸರದ ಸಂಗತಿ. ಗರ್ಭಿಣಿಯರು, ನಿದ್ದೆ ಬಾರದವರು, ಎದೆಯುರಿ ಇರುವವರು ಮಾತ್ರ ಮಿತಿಯಲ್ಲಿರಬೇಕು.

ಮಧ್ಯಾಹ್ನಕ್ಕೆ ಮಲೆನಾಡಿನ ತಂಬುಳಿಗಿಂತ ಒಳ್ಳೆಯ ಪಾನೀಯ ಬೇಡ. ಎರಡು ಬೆಟ್ಟದ ನೆಲ್ಲಿಕಾಯಿಯ ಬೀಜ ತೆಗೆದು ಹೆಚ್ಚಿ, ಕಾಲು ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ. ಪೂರ್ತಿ ಆರಿದ ಮೇಲೆ ಎರಡು ಚಮಚ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆ ಒಂದು ಲೋಟ, ಚಿಟಿಕೆ ಉಪ್ಪು ಬೆರೆಸಿ. ಬಿಸಿಯಿದ್ದಾಗಲೇ ಮಜ್ಜಿಗೆ ಸುರಿದರೆ ಒಡೆಯುತ್ತದೆ. ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬಾರದು: ತಾಮ್ರ ಕರಗಿ ಹೊಟ್ಟೆ ಸೇರುತ್ತದೆ, ಹೆಚ್ಚಾದರೆ ಲಿವರ್‌ಗೇ ಪೆಟ್ಟು. ಪುನರ್ಪುಳಿಯನ್ನೂ ಸಕ್ಕರೆಯ ಶರಬತ್ತು ಮಾಡದೆ, ಒಣ ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಹಾಕಿ ಕುಡಿಯಬಹುದು.

ಸೋರೆಕಾಯಿ ರಸದ್ದು ಬೇರೆಯದೇ ಅಪಾಯ. ಕಹಿ ಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ವಾಂತಿ, ರಕ್ತಭೇದಿಯಾಗಿ ರಕ್ತದೊತ್ತಡ ಕುಸಿಯುತ್ತದೆ, ಜೀವ ಹೋದದ್ದೂ ಇದೆ. ಇದಕ್ಕೆ ಪ್ರತಿವಿಷವಿಲ್ಲ. ಕಾಯಿ ಕತ್ತರಿಸಿದ ಕೂಡಲೇ ಒಂದು ಚೂರು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ, ಕಹಿ ಎನಿಸಿದರೆ ಪೂರ್ತಿ ಕಾಯಿ ಎಸೆಯಬೇಕು. ಬೇಯಿಸಿದರೂ ವಿಷ ಹೋಗುವುದಿಲ್ಲ. ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ಮಂದಿಯ ವರದಿಯನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಸಾರಿಗೆ ಹಾಕುವ ಅರಿಶಿನ ನಿಶ್ಚಿಂತೆಯಿಂದ ತಿನ್ನಿ. ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನದ ಮಾತ್ರೆಗಳಿಂದ ಲಿವರ್‌ಗೆ ಹಾನಿಯಾದ ಪ್ರಕರಣಗಳಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿಯನ್ನು ಒರೆಸಿ ಹುರಿದು ಬಳಸುವ ರೂಢಿಯೂ ಬಿಡಬೇಕು. ಆ ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಲಿವರ್ ಕ್ಯಾನ್ಸರ್‌ಗೆ ಅದು ದಾರಿ.

ಫ್ಯಾಟಿ ಲಿವರ್ ಇರುವ ದಪ್ಪ ಮೈಯವರು ದೇಹತೂಕದ ಶೇ 7–10 ಇಳಿಸಿದರೆ ಕೊಬ್ಬಿನ ಜೊತೆ ಉರಿಯೂತವೂ ತಗ್ಗುತ್ತದೆ. 80 ಕೆ.ಜಿ. ಇರುವವರಿಗೆ ಇದು 6ರಿಂದ 8 ಕೆ.ಜಿ. ಮುದ್ದೆ ಚಿಕ್ಕದಾಗಲಿ, ಹುರುಳಿಕಾಳು ಮತ್ತು ಸೊಪ್ಪಿನ ಬಸ್ಸಾರು ಹೆಚ್ಚಾಗಲಿ. ರಾತ್ರಿಯೂಟ ಬೇಗ ಮುಗಿಯಲಿ.

ಕಾಮಾಲೆಗೆ ನೆಲನೆಲ್ಲಿ ಕುಡಿದು ವಾಸಿಯಾಯಿತು ಎನ್ನುವವರ ಮಾತು ಸುಳ್ಳಲ್ಲ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಅದೇ ಹಳದಿ ಬಣ್ಣ ಪಿತ್ತನಾಳದ ಕಲ್ಲಿನಿಂದಲೋ ಹೆಪಟೈಟಿಸ್ ಬಿಯಿಂದಲೋ ಬಂದಿದ್ದರೆ, ಪಥ್ಯ ಮಾಡುತ್ತ ಕಳೆದ ವಾರಗಳು ಕೈತಪ್ಪಿದ ವಾರಗಳು. ಕಣ್ಣು ಹಳದಿಯಾಗಿ ಮೂತ್ರ ಗಾಢವಾದ ದಿನವೇ ರಕ್ತಪರೀಕ್ಷೆಗೆ ಹೋಗಬೇಕು.

ಮನೆಮದ್ದಿನ ಅಂಕಣಗಳಲ್ಲಿ ಅಳತೆ, ಯಾರು ಕುಡಿಯಬಾರದು, ಎಷ್ಟು ದಿನ ಎಂಬ ಮೂರು ಸಾಲುಗಳನ್ನು ತಾವು ತಪ್ಪದೆ ಮುದ್ರಿಸಬೇಕೆಂದು ಕೋರುತ್ತೇವೆ.

– ಆಹಾರ ತಜ್ಞರು, ಚಿಕ್ಕಮಗಳೂರು