ಮೆಕ್ಯಾನಿಕ್ ಹುಡುಗಿಯ ಹಾಡು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಾವಿಲ್ಲಿ ಕ್ಷೇಮ, ನೀವೆಲ್ಲರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಹೋದ ಭಾನುವಾರ ಫೋನಿನಲ್ಲಿ ಮಾತನಾಡುವಾಗ ನೀನು, ಮೆಲ್ಬರ್ನ್‌ನ ವರ್ಮಂಟ್ ಸೌತ್ ಬಡಾವಣೆಯಲ್ಲಿರುವ ಪಿನ್ ಓಕ್ ಕೋರ್ಟ್ ಎಂಬ ಪುಟ್ಟ ರಸ್ತೆಯನ್ನು ಮಕ್ಕಳಿಗೆ ತೋರಿಸಿಕೊಂಡು ಬಂದ ವಿಷಯವನ್ನು ಹೇಳಿದೆ. ಆಸ್ಟ್ರೇಲಿಯಾದ ‘ನೇಬರ್ಸ್’ ಎಂಬ ಟಿವಿ ಧಾರಾವಾಹಿಯಲ್ಲಿ ರ‍್ಯಾಮ್ಸೆ ಸ್ಟ್ರೀಟ್ ಎಂದು ಹೆಸರು ಬದಲಿಸಿಕೊಂಡು ದೇಶದೇಶಗಳ ಮನೆಗಳೊಳಗೆ ಹೊಕ್ಕ ರಸ್ತೆ ಅದು. ಅದೇ ಉಸಿರಿನಲ್ಲಿ ನೀನು ಒಂದು ತೀರ್ಪನ್ನೂ ಕೊಟ್ಟುಬಿಟ್ಟೆ: ಅದರಲ್ಲಿ ನಟಿಸಿದ್ದ ಕೈಲೀ ಮಿನೋಗ್ ಗಾಯಕಿಯಾದದ್ದು ಆ ಧಾರಾವಾಹಿಯ ಪುಣ್ಯದಿಂದ, ಇಲ್ಲದಿದ್ದರೆ ಆ ತೆಳುವಾದ ಗಂಟಲಿಗೆ ಯಾರು ಕಿವಿಗೊಡುತ್ತಿದ್ದರು ಎಂದು. ಆ ಹೊತ್ತಿಗೆ ಒಲೆಯ ಮೇಲೆ ಕುಕ್ಕರ್ ಕೂಗುತ್ತಿದ್ದುದರಿಂದ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕಾಗಿ ಈ ಪತ್ರ. (ಆಕೆಯ ಹೆಸರನ್ನು ಹ್ರಸ್ವದಲ್ಲಿ ಬರೆದರೆ ನಮ್ಮವರು ‘ಕೈಯಲ್ಲಿ’ ಎಂದು ಓದಿಬಿಡುತ್ತಾರೆ ಎಂಬ ಭಯದಿಂದ ದೀರ್ಘ ಹಾಕಿದ್ದೇನೆ, ಮನ್ನಿಸು.)

ನಿನ್ನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. 1968ರ ಮೇ 28ರಂದು ಮೆಲ್ಬರ್ನ್‌ನಲ್ಲಿ ಹುಟ್ಟಿದ ಕೈಲೀ ಹನ್ನೊಂದರ ವಯಸ್ಸಿನ ಆಸುಪಾಸಿನಲ್ಲೇ ‘ದಿ ಸಲಿವನ್ಸ್’, ‘ಸ್ಕೈವೇಸ್’ ಧಾರಾವಾಹಿಗಳಲ್ಲಿ ಸಣ್ಣ ಪಾತ್ರಗಳನ್ನು ಮಾಡಿದ್ದಳು. ಆದರೂ ಆ ಕಾಲದಲ್ಲಿ ಮನೆಯ ತಾರೆ ಆಕೆಯಲ್ಲ, ಟಿವಿಯ ಪ್ರತಿಭಾ ಕಾರ್ಯಕ್ರಮದಲ್ಲಿ ವಾರವಾರವೂ ಹಾಡಿ ಕುಣಿಯುತ್ತಿದ್ದ ತಂಗಿ ಡ್ಯಾನಿ. ‘ನೇಬರ್ಸ್’ 1985ರಲ್ಲಿ ಒಂದು ವಾಹಿನಿಯಲ್ಲಿ ಆರಂಭವಾಗಿ, ಅಲ್ಲಿ ನೆಲೆ ನಿಲ್ಲದೆ, 1986ರ ಜನವರಿಯಲ್ಲಿ ಮತ್ತೊಂದು ವಾಹಿನಿಗೆ ವಲಸೆ ಬಂದಿತ್ತು. ಹೊಸ ಮನೆಗೆ ಹೊಸ ಮುಖಗಳು ಬೇಕಾಗಿದ್ದವು. ಅದೇ ವರ್ಷ ಕೈಲೀ ಚಾರ್ಲೀನ್ ಎಂಬ ಪಾತ್ರಕ್ಕೆ ಬಂದಳು.

ಚಾರ್ಲೀನ್ ತೆರೆಯ ಮೇಲೆ ಕಾಲಿಡುವ ದೃಶ್ಯವನ್ನು ನೀನು ಒಮ್ಮೆ ನೋಡಬೇಕು. ತನ್ನ ತಾಯಿಯ ಮನೆಯೊಳಗೆ ಕಿಟಕಿಯಿಂದ ನುಸುಳಲು ಹೆಣಗುತ್ತಿರುವ ಹುಡುಗಿಯನ್ನು ನೆರೆಮನೆಯ ಸ್ಕಾಟ್ ಕಳ್ಳನೆಂದು ಭಾವಿಸಿ ಹಿಡಿದೆಳೆಯುತ್ತಾನೆ. ಆಕೆ ತಿರುಗಿ ಅವನ ಮುಖಕ್ಕೊಂದು ಗುದ್ದು ಕೊಡುತ್ತಾಳೆ. ಮುಂದೆ ಅವರಿಬ್ಬರಿಗೂ ಪ್ರೀತಿ ಹುಟ್ಟುವುದು ಯಾವ ದೇಶದ ಧಾರಾವಾಹಿಯಲ್ಲಾದರೂ ತಪ್ಪದ ವಿಷಯ ಬಿಡು. ಆದರೆ ಗಿಡ್ಡ ಮೈಕಟ್ಟಿನ, ಗುಂಗುರು ಕೂದಲಿನ ಆ ಹುಡುಗಿ ಗ್ಯಾರೇಜಿನ ಮೆಕ್ಯಾನಿಕ್ ಆಗಿ, ಗ್ರೀಸ್ ಮೆತ್ತಿದ ಸಡಿಲ ಉಡುಪಿನಲ್ಲಿ ಕಾರಿನ ಕೆಳಗಿನಿಂದ ಎದ್ದು ಬರುತ್ತಿದ್ದುದು ಆಗಿನ ಹುಡುಗಿಯರಿಗೆ ಹೊಸದು. ವಾರಕ್ಕೆ ಐದು ದಿನ ಈ ಮುಖ ಊಟದ ಹೊತ್ತಿಗೆ ಮನೆಗೆ ಬರುತ್ತಿತ್ತು. ಸ್ಕಾಟ್ ಮತ್ತು ಚಾರ್ಲೀನರ ಮದುವೆಯ ಕಂತು ಆಸ್ಟ್ರೇಲಿಯಾದಲ್ಲಿ 1987ರ ಜುಲೈನಲ್ಲಿ ಪ್ರಸಾರವಾಯಿತು; ಬ್ರಿಟನ್ನಿನ ಬಿಬಿಸಿಯಲ್ಲಿ ಒಂದು ವರ್ಷಕ್ಕೂ ಹೆಚ್ಚು ತಡವಾಗಿ, 1988ರ ನವೆಂಬರ್ 8ರಂದು ಬಂದಾಗ ಅದನ್ನು ನೋಡಿದವರು ಹತ್ತಿರ ಹತ್ತಿರ 2 ಕೋಟಿ ಜನ. ವಿಚಿತ್ರವೆಂದರೆ, ಬ್ರಿಟನ್ನಿನವರು ಕಣ್ಣೊರೆಸಿಕೊಳ್ಳುತ್ತ ಆ ಮದುವೆಯನ್ನು ನೋಡುವ ಹೊತ್ತಿಗೆ ಕೈಲೀ ಧಾರಾವಾಹಿಯ ಚಿತ್ರೀಕರಣವನ್ನು ಮುಗಿಸಿ ಹೊರಬಂದು, ಅದೇ ದೇಶದಲ್ಲಿ ಗಾಯಕಿಯಾಗಿ ಹೆಸರು ಮಾಡಿಯಾಗಿತ್ತು.

ಹಾಡು ಆರಂಭವಾದದ್ದು ಫುಟ್‌ಬಾಲಿನ ನೆಪದಲ್ಲಿ. ಮೆಲ್ಬರ್ನ್‌ನ ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್ಬಿನ ಸಹಾಯಾರ್ಥ ಕಾರ್ಯಕ್ರಮವೊಂದರಲ್ಲಿ ಧಾರಾವಾಹಿಯ ಕಲಾವಿದರೊಂದಿಗೆ ವೇದಿಕೆ ಹತ್ತಿದ ಕೈಲೀ, ಅಮೆರಿಕದ ಲಿಟಲ್ ಈವಾ 1962ರಲ್ಲಿ ಹಾಡಿದ್ದ ‘ದಿ ಲೋಕೋಮೋಷನ್’ ಹಾಡನ್ನು ಹಾಡಿದಳು. ಮಶ್ರೂಮ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆ ಆಕೆಯನ್ನು ಕರೆದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. 1987ರಲ್ಲಿ ಬಿಡುಗಡೆಯಾದ ಆ ಹಾಡು ಏಳು ವಾರ ಆಸ್ಟ್ರೇಲಿಯಾದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿ ಕುಳಿತು, ಆ ದಶಕದಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ (ಬಿಡಿ ಹಾಡಿನ ಧ್ವನಿತಟ್ಟೆ) ಆಯಿತು. ಇಲ್ಲಿಯವರೆಗೆ ನಿನ್ನ ತೀರ್ಪೇ ಸರಿ. ಚಾರ್ಲೀನ್ ಮೇಲಿನ ಪ್ರೀತಿಗೇ ಜನ ಆ ತಟ್ಟೆಯನ್ನು ಕೊಂಡರು.

ನನ್ನ ತಕರಾರು ಶುರುವಾಗುವುದು ಲಂಡನ್ನಿನಿಂದ. ಆ ಕಾಲದಲ್ಲಿ ಅಲ್ಲಿ ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರು ಕೂಡಿ ಕಾರ್ಖಾನೆಯಂತೆ ಹಾಡುಗಳನ್ನು ತಯಾರಿಸುತ್ತಿದ್ದರು. ಅವರೊಂದಿಗೆ ಹಾಡಲೆಂದು ಕೈಲೀ ಅಷ್ಟು ದೂರದಿಂದ ಬಂದಿಳಿದರೆ, ಆಕೆ ಬರುವ ವಿಷಯವನ್ನೇ ಅವರು ಮರೆತಿದ್ದರು. ದಿನಗಳು ಉರುಳಿದವು. ಊರಿಗೆ ಮರಳುವ ವಿಮಾನದ ದಿನ ಹತ್ತಿರ ಬಂದಾಗ ಆಕೆ ಸ್ಟುಡಿಯೊದ ಹೊರಗೆ ಕಾಯುತ್ತ ಕುಳಿತಿದ್ದಾಳೆಂಬುದು ನೆನಪಾಗಿ, ಒಳಗಿದ್ದವರು ಸುಮಾರು 40 ನಿಮಿಷಗಳಲ್ಲಿ ಹಾಡೊಂದನ್ನು ಕಟ್ಟಿದರು. ಅದೇ ‘ಐ ಶುಡ್ ಬಿ ಸೋ ಲಕ್ಕಿ’. ಆಕೆ ಒಳಗೆ ಬಂದು, ಹಾಡನ್ನು ಅಲ್ಲಿಯೇ ಕಲಿತು, ಹಾಡಿಕೊಟ್ಟು, ಹೊರಟುಹೋದಳು. 1988ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿದ ಅದು ಐದು ವಾರ ಅಲ್ಲಿಂದ ಕದಲಲಿಲ್ಲ.

ಆ ಒಂದು ಗಂಟೆಯನ್ನು ಸ್ವಲ್ಪ ನಿಂತು ನೋಡು ಮಾರಾಯ. ಮೈಕಿನ ಮುಂದೆ ನಿಂತವಳಿಗೆ ಹತ್ತೊಂಬತ್ತು ವರ್ಷ. ಕಾಯಿಸಿದವರ ಮೇಲೆ ಸಿಟ್ಟು ಇದ್ದಿರಬಹುದು, ಊರಿಗೆ ಹೊರಡುವ ಅವಸರವಂತೂ ಇತ್ತು. ಹಾಡು ಎಂದೂ ಕೇಳಿದ್ದಲ್ಲ, ಮಸಿ ಇನ್ನೂ ಆರಿರಲಿಲ್ಲ. ಆದರೂ ಆ ದನಿಯಲ್ಲಿ ಆಯಾಸವಾಗಲಿ ಬೇಸರವಾಗಲಿ ಕೇಳಿಸುವುದಿಲ್ಲ. ಬೆಳಗಿನ ಬಿಸಿಲಿನಂಥ ಉಲ್ಲಾಸ ಮಾತ್ರ ಕೇಳಿಸುತ್ತದೆ. ಇಂಥ ಕೆಲಸವನ್ನು ಯಾರು ಮಾಡಬಲ್ಲರು? ನಿತ್ಯದ ಧಾರಾವಾಹಿಯಲ್ಲಿ ದುಡಿದವರು ಮಾಡಬಲ್ಲರು. ಕೈಗೆ ಬಂದ ಸಂಭಾಷಣೆಯನ್ನು ಆಗಲೇ ಬಾಯಿಪಾಠ ಮಾಡಿ, ಒಂದೆರಡು ಟೇಕಿನಲ್ಲಿ ನಗುತ್ತಲೋ ಅಳುತ್ತಲೋ ಒಪ್ಪಿಸಿ, ಮುಂದಿನ ದೃಶ್ಯಕ್ಕೆ ಉಡುಪು ಬದಲಿಸಿಕೊಂಡು ಬರುವ ಅಭ್ಯಾಸವೇ ಅಲ್ಲಿ ಗಂಟಲಿಗಿಳಿದಿದೆ ಎಂಬುದು ನನ್ನ ಎಣಿಕೆ. ಧಾರಾವಾಹಿ ಆಕೆಗೆ ಮುಖಪರಿಚಯ ಕೊಟ್ಟಿತು ಎಂದು ನೀನು ಹೇಳುತ್ತೀ. ಕಸುಬು ಕೊಟ್ಟಿತು ಎಂದು ನಾನು ಹೇಳುತ್ತೇನೆ. ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ ಎಂಬ ಹಿನ್ನೆಲೆ ಗಾಯನದ ಪದ್ಧತಿಯಲ್ಲಿ ಬೆಳೆದ ನಮಗೆ ನಟಿಯೊಬ್ಬಳು ಹಾಡುತ್ತೇನೆಂದರೆ ಅನುಮಾನ ಮೂಡುವುದು ಸಹಜ. ಆದರೆ ಹಾಡು ಬಾರದವನಿಗೆ ಪಾತ್ರವಿಲ್ಲ ಎನ್ನುತ್ತಿದ್ದ ನಾಟಕ ಕಂಪನಿಗಳಿಂದ ಬಂದ ರಾಜ್‌ಕುಮಾರ್ ಅವರನ್ನು ಕೇಳಿ ಬೆಳೆದವರೂ ನಾವೇ ತಾನೆ?

ಮುಂದಿನ ನಾಲ್ಕು ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಧಾರಾವಾಹಿಯಲ್ಲಿ ಸ್ಕಾಟ್ ಆಗಿದ್ದ ಜೇಸನ್ ಡೊನೊವನ್ ಜೊತೆಗಿನ ಯುಗಳಗೀತೆಯೂ ಸೇರಿ, ಆ ಮೂವರ ಬಳಿ ಹಾಡಿದ ಕಾಲದಲ್ಲಿ ಆಕೆಯ ಮೊದಲ 13 ಸಿಂಗಲ್‌ಗಳೂ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂದವು. ಪತ್ರಿಕೆಗಳು ‘ಹಾಡುವ ಗಿಳಿಮರಿ’ ಎಂದು ಗೇಲಿ ಮಾಡಿದವು. ಗೇಲಿ ಕ್ರೂರವಾಗಿತ್ತಾದರೂ ಪೂರ್ತಿ ಸುಳ್ಳಾಗಿರಲಿಲ್ಲ. ಹಾಡಿನ ಸಾಹಿತ್ಯ, ರಾಗ, ಕಡೆಗೆ ಯಾವುದು ಮೊದಲು ಬಿಡುಗಡೆಯಾಗಬೇಕು ಎಂಬುದೂ ಆಕೆಯ ಕೈಯಲ್ಲಿರಲಿಲ್ಲ. ಆ ಹಾಡುಗಳಲ್ಲಿ ಹಲವನ್ನು ಇಂದು ಪೂರ್ತಿ ಕೇಳಲು ನನ್ನಿಂದಲೂ ಆಗುವುದಿಲ್ಲ.

ನನಗೆ ಆಕೆ ಗಾಯಕಿಯಾಗಿ ಕಾಣುವುದು ಮಾರಾಟ ಕುಸಿದ ವರ್ಷಗಳಲ್ಲಿ. 1992ರಲ್ಲಿ ಆ ಮೂವರನ್ನು ಬಿಟ್ಟು, ಡಿಕನ್‌ಸ್ಟ್ರಕ್ಷನ್ ಎಂಬ ನೃತ್ಯ ಸಂಗೀತದ ಸಂಸ್ಥೆಗೆ ಸೇರಿ, 1994ರಲ್ಲಿ ‘ಕನ್ಫೈಡ್ ಇನ್ ಮಿ’ ಹಾಡಿದಾಗ ದನಿ ಮೊದಲ ಬಾರಿಗೆ ತಗ್ಗಿಗಿಳಿಯಿತು. ಪಕ್ಕದಲ್ಲಿ ಕುಳಿತು ಗುಟ್ಟು ಹೇಳುವಂತೆ ಹಾಡಿದಳು. ಮರುವರ್ಷ ತನ್ನದೇ ದೇಶದ ಗಾಯಕ ನಿಕ್ ಕೇವ್ ಜೊತೆ ಹಾಡಿದ ‘ವೇರ್ ದಿ ವೈಲ್ಡ್ ರೋಸಸ್ ಗ್ರೋ’ದಲ್ಲಿ ಆಕೆ ಕೊಲೆಯಾದ ಹುಡುಗಿ, ತನ್ನ ಸಾವಿನ ಕಥೆಯನ್ನು ತಾನೇ, ದೂರು ಹೇಳದೆ, ಸರಳವಾಗಿ ಹೇಳಿಕೊಳ್ಳುತ್ತಾಳೆ. ಕೇವ್ ಅವರ ಗಡುಸು ಕಂಠದ ಎದುರು ಆ ತೆಳುವಾದ ಗಂಟಲೇ, ನೀನು ಹಳಿದ ಅದೇ ಗಂಟಲೇ, ಹಾಡಿನ ಪ್ರಾಣವಾಗಿದೆ. ಭಾರವಾದ ದನಿ ಅಲ್ಲಿದ್ದಿದ್ದರೆ ನಾಟಕವಾಗಿಬಿಡುತ್ತಿತ್ತು.

ಆ ಕೇವ್ ಅವರೇ ಒತ್ತಾಯಿಸಿದ್ದರಿಂದ, 1996ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಕವಿಗಳ ಕೂಟದಲ್ಲಿ ಕೈಲೀ ವೇದಿಕೆಗೆ ಬಂದು, ‘ಐ ಶುಡ್ ಬಿ ಸೋ ಲಕ್ಕಿ’ಯ ಸಾಲುಗಳನ್ನು ವಾದ್ಯವಿಲ್ಲದೆ, ರಾಗವಿಲ್ಲದೆ, ಕವಿತೆಯಂತೆ ಓದಿದಳು. ಎಲ್ಲರೂ ಯಾವುದನ್ನು ಹಿಡಿದು ಹಂಗಿಸುತ್ತಿದ್ದರೋ ಅದನ್ನೇ ಕವಿಗಳ ಮುಂದೆ ತಾನಾಗಿ ತೆಗೆದಿಟ್ಟಳು. ಆ ಸಾಲುಗಳು ಕಾವ್ಯವೇನಲ್ಲ, ಅದು ಆಕೆಗೂ ಗೊತ್ತಿತ್ತು. ಆದರೆ ಅಂದಿನಿಂದ ಆ ಹಾಡು ಆಕೆಗೆ ಹೊರೆಯಾಗಿ ಉಳಿಯಲಿಲ್ಲ ಎಂದು ನನಗನ್ನಿಸುತ್ತದೆ.

1997ರ ‘ಇಂಪಾಸಿಬಲ್ ಪ್ರಿನ್ಸೆಸ್’ ಆಲ್ಬಂಗೆ ಹೆಚ್ಚಿನ ಸಾಹಿತ್ಯವನ್ನು ಆಕೆಯೇ ಬರೆದಳು. ಅದು ಹೊರಬರುವ ಹೊತ್ತಿಗೆ ರಾಜಕುಮಾರಿ ಡಯಾನಾ ಅಪಘಾತದಲ್ಲಿ ತೀರಿಕೊಂಡಿದ್ದರಿಂದ ಬ್ರಿಟನ್ನಿನಲ್ಲಿ ಆ ಹೆಸರನ್ನೇ ಕೈಬಿಡಬೇಕಾಯಿತು. ಬಿಡುಗಡೆಯೂ ಮುಂದಕ್ಕೆ ಹೋಯಿತು. ಅಲ್ಲಿ ಮಾರಾಟ ನೆಲಕಚ್ಚಿತು, ಸಂಸ್ಥೆಯೊಂದಿಗಿನ ನಂಟೂ ಮುಗಿಯಿತು. ಧಾರಾವಾಹಿಯ ಪುಣ್ಯವೇ ಬಂಡವಾಳವಾಗಿದ್ದರೆ ಕಥೆ ಇಲ್ಲಿಗೆ ನಿಲ್ಲಬೇಕಿತ್ತು. ಅದೇ ರಸ್ತೆಯಿಂದ ಹಾಡಿಗೆ ಬಂದವರು ಬೇರೆಯವರೂ ಇದ್ದಾರೆ. ಜೇಸನ್ ಡೊನೊವನ್ ಕೆಲವೇ ವರ್ಷಗಳಲ್ಲಿ ರಂಗಭೂಮಿಯ ಕಡೆಗೆ ತಿರುಗಿದರು. ನಟಾಲಿ ಇಂಬ್ರೂಲಿಯಾ 1997ರಲ್ಲಿ ‘ಟೋರ್ನ್’ ಹಾಡಿ ಲೋಕವನ್ನು ಗೆದ್ದರೂ ಆ ಎತ್ತರ ಮತ್ತೆ ದಕ್ಕಲಿಲ್ಲ. ಬಾಗಿಲು ಎಲ್ಲರಿಗೂ ಒಂದೇ ಆಗಿತ್ತು.

2000ದಲ್ಲಿ ‘ಸ್ಪಿನ್ನಿಂಗ್ ಅರೌಂಡ್’ ಬಂತು. ಅದರ ವಿಡಿಯೊದಲ್ಲಿ ತೊಟ್ಟ ಚಿನ್ನದ ಬಣ್ಣದ ತುಂಡು ಚಡ್ಡಿಯ ಬಗ್ಗೆ ಪತ್ರಿಕೆಗಳು ಹಾಡಿಗಿಂತ ಹೆಚ್ಚು ಬರೆದವು. ಹಳೇ ಬಟ್ಟೆಯ ಸಂತೆಯಲ್ಲಿ 50 ಪೆನ್ಸಿಗೆ ಕೊಂಡದ್ದಂತೆ ಅದು. ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ಹಾಡಿದಳು. 2001ರ ‘ಕಾಂಟ್ ಗೆಟ್ ಯು ಔಟ್ ಆಫ್ ಮೈ ಹೆಡ್’ ನಮ್ಮ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕ್ಯಾಸೆಟ್ ಅಂಗಡಿಗಳ ಮುಂದೆಯೂ ಕೇಳಿಸುತ್ತಿತ್ತು, ನಿನಗೆ ನೆನಪಿರಬಹುದು. ಅದರ ‘ಲಾ ಲಾ ಲಾ’ ತಲೆಗೆ ಹೊಕ್ಕರೆ ಎರಡು ದಿನ ಹೊರಗೆ ಹೋಗುವುದಿಲ್ಲ.

2005ರ ಮೇ ತಿಂಗಳಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಪ್ರವಾಸದ ಮಧ್ಯೆ ಆಕೆಗೆ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಉಳಿದ ಕಾರ್ಯಕ್ರಮಗಳೆಲ್ಲ ರದ್ದಾದವು. ಆ ಸುದ್ದಿ ಹರಡಿದ ದಿನಗಳಲ್ಲಿ ಆಸ್ಟ್ರೇಲಿಯಾದಲ್ಲಿ ಸ್ತನ ತಪಾಸಣೆಗೆ ಹೆಸರು ಬರೆಸುವ ಮಹಿಳೆಯರ ಸಂಖ್ಯೆ 40 ಪ್ರತಿಶತದಷ್ಟು ಏರಿತು. ವೈದ್ಯಕೀಯ ಪತ್ರಿಕೆಗಳು ಇದನ್ನು ಆಕೆಯ ಹೆಸರಿನಿಂದಲೇ ಗುರುತಿಸಿದವು. ಚಾರ್ಲೀನ್ ಜೊತೆ ನಿತ್ಯ ಊಟ ಮಾಡಿದ್ದ ಹೆಂಗಸರಿಗೆ ಇದು ಯಾರೋ ತಾರೆಯ ಕಾಯಿಲೆಯಾಗಿರದೆ, ಪಕ್ಕದ ಮನೆಯ ಹುಡುಗಿಗೆ ಬಂದ ಕಾಯಿಲೆಯಾಗಿತ್ತು. ಧಾರಾವಾಹಿಯ ಪುಣ್ಯ ಎಂಬ ಮಾತನ್ನು ನಾನು ಎಲ್ಲಿಯಾದರೂ ಮನಸಾರೆ ಒಪ್ಪುವುದಾದರೆ ಇಲ್ಲಿ. 2006ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಮತ್ತೆ ವೇದಿಕೆ ಹತ್ತಿದಾಗ ಕುಣಿತವನ್ನು ಹಗುರಗೊಳಿಸಲಾಗಿತ್ತು, ನಡುನಡುವೆ ವಿರಾಮ ಹೆಚ್ಚಾಗಿತ್ತು. ಜೇಸನ್ ಜೊತೆ ಹಾಡಿದ್ದ ಹಳೆಯ ಯುಗಳಗೀತೆಯನ್ನು, ತಾನೂ ಕ್ಯಾನ್ಸರ್ ಗೆದ್ದಿದ್ದ ತಂದೆಗೆ ಅರ್ಪಿಸಿದಳು.

2009ರಲ್ಲಿ ಅಕ್ಷಯ್ ಕುಮಾರ್ ಅವರ ‘ಬ್ಲೂ’ ಚಿತ್ರಕ್ಕಾಗಿ ಎ. ಆರ್. ರೆಹಮಾನ್ ಸಂಗೀತದಲ್ಲಿ ಹಾಡಿ ಕುಣಿದದ್ದನ್ನು ನಾವಿಬ್ಬರೂ ಮರೆಯುವುದೇ ಒಳ್ಳೆಯದು. ಅದಕ್ಕಿಂತ 2023ರ ‘ಪದಂ ಪದಂ’ ಕೇಳು. ಎದೆಬಡಿತದ ಸದ್ದನ್ನೇ ಪದವಾಗಿಸಿಕೊಂಡ ಆ ಹಾಡಿಗೆ 2024ರಲ್ಲಿ ಗ್ರ್ಯಾಮಿ ಬಂದಾಗ ಆಕೆಗೆ ಐವತ್ತೈದು ವರ್ಷ. ಮೊದಲ ಗ್ರ್ಯಾಮಿ ಬಂದು ಸರಿಯಾಗಿ ಇಪ್ಪತ್ತು ವರ್ಷ ಕಳೆದಿತ್ತು.

‘ನೇಬರ್ಸ್’ ಮುಗಿಯಿತೆಂದು 2022ರಲ್ಲಿ ಘೋಷಿಸಿದಾಗ, ಕೈಲೀ ಮತ್ತು ಜೇಸನ್ ಕಡೆಯ ಕಂತಿಗೆಂದು ಹಳೆಯ ರಸ್ತೆಗೆ ಮರಳಿದರು. (ಆ ಧಾರಾವಾಹಿ ಮರುವರ್ಷವೇ ಮತ್ತೆ ಎದ್ದು ಕುಳಿತದ್ದು ಬೇರೆ ಮಾತು.) ಸ್ಕಾಟ್ ಮತ್ತು ಚಾರ್ಲೀನ್ ಕಾರಿನಲ್ಲಿ ಬರುತ್ತಾರೆ, ಇಳಿಯುತ್ತಾರೆ, ಸುತ್ತ ನೋಡುತ್ತಾರೆ. ಆಕೆಗೆ ಅಲ್ಲಿ ಸಂಭಾಷಣೆ ತೀರಾ ಕಡಿಮೆ. ಕೆಲವರು ಅದಕ್ಕೆ ಬೇಸರಪಟ್ಟರು. ನಾನು ಆ ತುಣುಕನ್ನು ಮೂರು ಸಲ ನೋಡಿದೆ. ರಸ್ತೆಯ ಕಡೆ ನೋಡುವ ಆ ನೋಟ, ಕೆಲಸ ಕಲಿತ ಹಳೆಯ ಗ್ಯಾರೇಜಿಗೆ ಬಹಳ ದಿನಗಳ ಮೇಲೆ ಬಂದವರು ಗೋಡೆಯ ಮೇಲಿನ ಪಾನಾಗಳನ್ನು ನೋಡುವಂತಿತ್ತು.

ನಿನಗೊಂದು ಕೆಲಸ ಹೇಳುತ್ತೇನೆ. ಆ ಐವತ್ತು ಪೆನ್ಸಿನ ಚಿನ್ನದ ಚಡ್ಡಿ ಈಗ ನಿನ್ನೂರಿನ ಆರ್ಟ್ಸ್ ಸೆಂಟರ್ ಸಂಗ್ರಹಕ್ಕೆ ಸೇರಿದೆ. ಮುಂದಿನ ಸಲ ನಗರದ ಕಡೆ ಹೋದಾಗ ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆಯೇ ವಿಚಾರಿಸು, ಮಕ್ಕಳನ್ನೂ ಕರೆದುಕೊಂಡು ಹೋಗು. ಮನೆಗೆ ಬಂದ ಮೇಲೆ ನಿಕ್ ಕೇವ್ ಜೊತೆಗಿನ ಹಾಡನ್ನು ದೀಪ ಆರಿಸಿ ಒಮ್ಮೆ ಕೇಳು. ಆಮೇಲೂ ನಿನ್ನ ತೀರ್ಪು ಬದಲಾಗದಿದ್ದರೆ ಫೋನ್ ಮಾಡು. ಈ ಸಲ ಕುಕ್ಕರ್ ಇಳಿಸಿಟ್ಟೇ ಮಾತಿಗೆ ಕೂರುತ್ತೇನೆ.

ಅತ್ತಿಗೆಯವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ತಿಳಿಸು.

ಇಂತಿ ನಿನ್ನ ಪ್ರೀತಿಯ
ಗೆಳೆಯ