ಅರಗಿನ ಪ್ಲೇಟು

ಚಿ. ಮಗಳಿಗೆ ಬಾಗಲಕೋಟೆಯಿಂದ ಅಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನೀನು ಬೆಂಗಳೂರಿನಲ್ಲಿ ಹಾಡಿನ ಪ್ಲೇಟು ಹಚ್ಚುವ ರೆಕಾರ್ಡ್ ಪ್ಲೇಯರು ಕೊಂಡ ಸುದ್ದಿ ಕೇಳಿ ಬಹಳ ಖುಷಿಯಾಯಿತು ನೋಡವ್ವ. "ಅಪ್ಪಾ, ಫೋನಿನ್ಯಾಗ ಬೇಕಾದ ಹಾಡು ಸಿಗತಾವ, ಆದ್ರೂ ಈ ಪ್ಲೇಟಿನ ಹುಚ್ಚು ಯಾಕ ಬಿಡೂದಿಲ್ಲ?" ಎಂದು ಕೇಳಿದ್ದೆಯಲ್ಲ, ಅವತ್ತು ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಟ್ರಂಕಿನಲ್ಲಿ ಅಮೀರಬಾಯಿ ಕರ್ನಾಟಕಿಯವರದೊಂದು ಪ್ಲೇಟಿದೆ. ಇಲ್ಲಿಯ ಬೀಳಗಿಯವರು, ಮುಂಬಯಿಗೆ ಹೋಗಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದವರು. "ನಮ್ಮ ಬೀಳಗಿ ಅಮೀರಬಾಯಿ" ಎನ್ನದೆ ನಿಮ್ಮ ಮುತ್ಯಾ ಅದನ್ನು ಹಚ್ಚುತ್ತಲೇ ಇರಲಿಲ್ಲ. ಗ್ರಾಮಫೋನ್ ಪೆಟ್ಟಿಗೆಗೆ ಕೀಲಿ ಕೊಟ್ಟು, ಹೊಸ ಪಿನ್ನು ಸಿಕ್ಕಿಸಿ, ತಿರುಗುವ ಪ್ಲೇಟಿನ ಅಂಚಿಗೆ ಉಸಿರು ಹಿಡಿದು ಇಳಿಸುತ್ತಿದ್ದರು. ಮೊದಲು ಚರಚರ, ಆಮೇಲೆ ದನಿ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಪ್ಲೇಟು, ಒಂದು ಬದಿಗೆ ಮೂರೇ ನಿಮಿಷ. ಆ ಮೂರು ನಿಮಿಷ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಒಳಗೆ ಆಯಿ ರೊಟ್ಟಿ ಬಡಿಯುವ ಸಪ್ಪಳವೂ ನಿಲ್ಲುತ್ತಿತ್ತು.

ಅದು ಅರಗಿನ ಪ್ಲೇಟವ್ವ. ಬಳೆಗೆ ಹಾಕುತ್ತಾರಲ್ಲ, ಮರದ ಮೇಲೆ ಹುಳು ಕಟ್ಟುವ ಅದೇ ಅರಗು. ಕಲ್ಲಿನ ಪುಡಿ ಬೆರೆಸಿ ಒತ್ತುತ್ತಿದ್ದರು. ಕೈ ಜಾರಿದರೆ ಹಪ್ಪಳದ ಹಾಗೆ ಒಡೆಯುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಡುವಾಗ ಪ್ಲೇಟುಗಳನ್ನೆಲ್ಲ ಕೌದಿಯಲ್ಲಿ ಸುತ್ತಿ ನವನಗರಕ್ಕೆ ತಂದೆ. ಆದರೂ ಎರಡು ಹೋದವು. ಒಂದನ್ನು ಅಂಟಿಸಲು ನೋಡಿದೆ, ಆಗಲಿಲ್ಲ. ಚೂರುಗಳನ್ನು ಇನ್ನೂ ಇಟ್ಟಿದ್ದೇನೆ. ಅಮೀರಬಾಯಿಯ ಪ್ಲೇಟು ಹಚ್ಚಿದಾಗ ಆ ಚರಚರದ ಜೊತೆಗೆ ಹಳೇ ಮನೆಯ ಪಡಸಾಲೆ, ಕಂಬಕ್ಕೊರಗಿದ ಮುತ್ಯಾ ಎಲ್ಲ ಬಂದುಬಿಡುತ್ತಾರೆ. ಅದೇ ಹಾಡನ್ನು ಫೋನಿನಲ್ಲೂ ಕೇಳಿದೆ. ದನಿ ಬಂತು, ಪಡಸಾಲೆ ಬರಲಿಲ್ಲ.

ನಿನ್ನ ಎಲ್ಪಿ ಪ್ಲೇಟುಗಳು ಪ್ಲಾಸ್ಟಿಕ್ಕಿನವು, ಹಾಗೆ ಒಡೆಯುವುದಿಲ್ಲ. ಆದರೆ ಬಿಸಿಲಿಗೆ ಬಾಗುತ್ತವೆ. ಒಂದರ ಮೇಲೊಂದು ಪೇರಿಸಬೇಡ, ಪುಸ್ತಕದ ಹಾಗೆ ನಿಲ್ಲಿಸಿಡು. ಅಂಚು ಹಿಡಿದೇ ಎತ್ತು. ಊರಿಗೆ ತಂದರೆ ನಮ್ಮ ಪೆಟ್ಟಿಗೆಯ ಮೇಲೆ ಮಾತ್ರ ಹಚ್ಚಬೇಡ. ಇದರ ಉಕ್ಕಿನ ಪಿನ್ನು ಅವುಗಳ ಸಣ್ಣ ಗೆರೆಯನ್ನು ಕೆತ್ತಿ ಹಾಕುತ್ತದೆ.

ದೀಪಾವಳಿಗೆ ಬಾ. ಪೆಟ್ಟಿಗೆಯ ಸ್ಪ್ರಿಂಗು ರಿಪೇರಿ ಮಾಡಿಸಿದ್ದೇನೆ, ಪಿನ್ನಿನ ಡಬ್ಬಿಯೂ ತುಂಬಿದೆ. ಈ ಸಲ ಕೀಲಿ ನೀನೇ ಕೊಡು.

ನಿನ್ನ ಅಪ್ಪ